ನಮ್ಮ ಹೆಸರಿನಲ್ಲೊಂದು ಸೈಟು

ನಮ್ಮ ಶ್ರೀರಾಂಪುರದಲ್ಲಿ ಹೊಸಬರು ಯಾರಾದರೂ ಪರಿಚಯವಾದರೆ ಮೂರನೆಯ ಮಾತಿಗೆ ಸೈಟಿನ ವಿಷಯ ಬಂದೇ ಬರುತ್ತದೆ. ಮೂವತ್ತು ನಲವತ್ತೋ ಇಪ್ಪತ್ತು ಮೂವತ್ತೋ, ಪೂರ್ವದ ಬಾಗಿಲೋ ಉತ್ತರದ ಬಾಗಿಲೋ, ಖಾತೆ ಆಗಿದೆಯೋ ಇಲ್ಲವೋ, ಕಂದಾಯ ಎಲ್ಲಿಯವರೆಗೆ ಕಟ್ಟಿದ್ದೀರಿ. ಹಳ್ಳಿಯಾಗಿದ್ದ ಊರು ಮೈಸೂರಿನ ಬಡಾವಣೆಯಾಗಿ ಬೆಳೆದದ್ದನ್ನು ಕಣ್ಣಾರೆ ಕಂಡವರು ನಾವು. ಕಾಗದಪತ್ರದ ಬೆಲೆಯನ್ನು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. 2020ರಲ್ಲಿ ಇಲ್ಲಿನ ಗ್ರಾಮ ಪಂಚಾಯಿತಿ ಹೋಗಿ ಪಟ್ಟಣ ಪಂಚಾಯಿತಿ ಬಂತು. ಕಚೇರಿಯ ಬೋರ್ಡು ಬದಲಾಯಿತು, ರಸೀದಿ ಪುಸ್ತಕ ಬದಲಾಯಿತು. ಆದರೆ ಕಾಗದ ಸರಿಯಿದ್ದವರ ಮನೆ ಇದ್ದಲ್ಲೇ ಇತ್ತು. ಬಾಗಿಲ ಮೇಲಿನ ಹೆಸರು ಹಾಗೇ ಇತ್ತು. ಅಂಚೆಯವರು ಅದೇ ಬಾಗಿಲಿಗೆ ಬಂದರು.

ಮನೆಯ ವಿಷಯದಲ್ಲಿ ಇಷ್ಟು ಎಚ್ಚರವಿರುವ ನಾನು ಬರವಣಿಗೆಯ ವಿಷಯದಲ್ಲಿ ಎಚ್ಚರ ತಪ್ಪಿದೆ. ಅದನ್ನು ಹೇಳಿಕೊಳ್ಳುವುದಕ್ಕೇ ಇವತ್ತು ಬಾನುಲಿಯ ಈ ಮೈಕಿನ ಮುಂದೆ ಕುಳಿತಿದ್ದೇನೆ.

ನಮ್ಮ ಮನೆಯಿಂದ ಲಿಂಗಾಂಬುಧಿ ಕೆರೆ ದೂರವಿಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರು 1828ರಲ್ಲಿ ತಮ್ಮ ರಾಣಿ ಲಿಂಗಾಜಮ್ಮಣ್ಣಿಯವರ ನೆನಪಿಗೆ ಕಟ್ಟಿಸಿದ ಕೆರೆ ಅದು. ಬೆಳಗಿನ ಹೊತ್ತು ಅದರ ಏರಿಯ ಮೇಲೆ ನಡೆಯುವ ಅಭ್ಯಾಸ ನನಗೆ. ನಡೆದು ಬಂದು, ಕಂಡದ್ದನ್ನು ಬರೆಯುವ ಅಭ್ಯಾಸ ಆಮೇಲೆ ಹತ್ತಿತು. ಯಾವ ಹಕ್ಕಿ ಬಂತು, ನೀರು ಎಲ್ಲಿಗೆ ಇಳಿಯಿತು, ಏರಿಯ ಮೇಲೆ ಸಿಕ್ಕ ಹಿರಿಯರು ಏನು ಹೇಳಿದರು. ಒಂದು ಕಂಪನಿ ಬರೆಯುವವರಿಗೆಂದು ಅಂತರಜಾಲದಲ್ಲಿ ಪುಕ್ಕಟೆ ಜಾಗ ಕೊಡುತ್ತಿತ್ತು. ಅಲ್ಲೊಂದು ಪುಟ ತೆರೆದು ಬ್ಲಾಗು ಬರೆದೆ. ಏಳು ವರ್ಷ ಬರೆದೆ, 146 ಬರಹ. ಆ ಕಂಪನಿಯ ಹೆಸರು ಇಲ್ಲಿ ಬೇಡ. ಒಂದು ದಿನ ಅವರು ಆ ವ್ಯವಹಾರ ನಿಲ್ಲಿಸಿದರು. ಅರವತ್ತು ದಿನ ಮೊದಲೇ ಪತ್ರ ಹಾಕಿದ್ದರಂತೆ. ಅದು ಹೋದದ್ದು ನಾನು ಬಿಟ್ಟು ಎಷ್ಟೋ ಕಾಲವಾಗಿದ್ದ ಹಳೆಯ ಇಮೇಲಿಗೆ. ನನಗೆ ಗೊತ್ತಾಗುವ ಹೊತ್ತಿಗೆ ಅಲ್ಲಿ ಪುಟವೇ ಇರಲಿಲ್ಲ.

ಬೇರೆ ಕಡೆ ಪ್ರತಿ ಇಟ್ಟುಕೊಂಡಿರಲಿಲ್ಲವೇ ಎಂದು ನೀವು ಕೇಳಬಹುದು. ಇಟ್ಟುಕೊಂಡಿರಲಿಲ್ಲ. ನೇರವಾಗಿ ಅಲ್ಲೇ ಟೈಪು ಮಾಡುತ್ತಿದ್ದೆ, ಅಲ್ಲೇ ಓದುತ್ತಿದ್ದೆ. ನಮ್ಮದೇ ಬೀರುವಿನಲ್ಲಿದೆ ಅನ್ನುವಷ್ಟು ನೆಚ್ಚಿಕೊಂಡಿದ್ದೆ.

ಪಕ್ಕದ ರಸ್ತೆಯಲ್ಲಿ ಒಬ್ಬ ಹಿರಿಯರಿದ್ದರು. ಅವರಿಗೆ ಪರದೆಯ ಮೇಲೆ ಓದಲಾಗುತ್ತಿರಲಿಲ್ಲ. ಮಗಳು ಜೆರಾಕ್ಸ್ ಅಂಗಡಿಯಲ್ಲಿ ಮುದ್ರಿಸಿ ತಂದುಕೊಡುತ್ತಿದ್ದಳು. ಆ ಹಾಳೆಗಳ ಕಟ್ಟು ಅವರ ಮನೆಯ ಅಟ್ಟದಲ್ಲಿತ್ತು. ಅದರಲ್ಲಿ ನನ್ನ 41 ಬರಹ ಸಿಕ್ಕವು. ಅಮೆರಿಕದ ಇಂಟರ್ನೆಟ್ ಆರ್ಕೈವ್ ಎಂಬ ಗ್ರಂಥಾಲಯ 1996ರಿಂದ ಜಗತ್ತಿನ ಜಾಲಪುಟಗಳ ನಕಲು ತೆಗೆದಿಡುತ್ತಾ ಬಂದಿದೆ. ಅಲ್ಲಿ ಹುಡುಕಿ 17 ಬರಹ ತೆಗೆದೆ. ಒಟ್ಟು 58. ಉಳಿದ 88 ಎಲ್ಲೂ ಇಲ್ಲ. ಅವುಗಳಲ್ಲಿ ‘ಹೊಲಗಳ ಹೆಸರು’ ಅನ್ನುವುದೂ ಒಂದು. ಅದರ ಮಾತು ಆಮೇಲೆ ಆಡುತ್ತೇನೆ.

ಇದು ನನ್ನೊಬ್ಬಳಿಗೆ ಆದದ್ದಲ್ಲ. 1990ರ ದಶಕದ ನಡುವಿನಲ್ಲಿ ಅಮೆರಿಕದಲ್ಲಿ ಜಿಯೋಸಿಟೀಸ್ ಎಂಬುದೊಂದು ಶುರುವಾಯಿತು. ಯಾರು ಬೇಕಾದರೂ ಪುಕ್ಕಟೆಯಾಗಿ ಪುಟ ಕಟ್ಟಿಕೊಳ್ಳಬಹುದಾದ ಜಾಗ. ನಮ್ಮ ಊರಿನವರಿಗೆ ಅದರ ಏರ್ಪಾಡು ಕೇಳಿದರೆ ಬೆರಗಾಗುತ್ತದೆ. ಅದನ್ನು ಅವರು ಬಡಾವಣೆಗಳಾಗಿ ವಿಂಗಡಿಸಿದ್ದರು, ಒಂದೊಂದು ಬಡಾವಣೆಗೆ ಒಂದು ಹೆಸರು, ಒಂದೊಂದು ಪುಟಕ್ಕೆ ಮನೆಯ ನಂಬರು. ಸಿನಿಮಾ ಬರೆಯುವವರಿಗೆ ಒಂದು ಬಡಾವಣೆ, ಸಂಗೀತದವರಿಗೆ ಇನ್ನೊಂದು. ಜನ ಅಲ್ಲಿ ನಿಜವಾಗಿಯೂ ವಾಸ ಮಾಡಿದರು. ಮಗುವಿನ ಫೋಟೋ ಹಾಕಿದರು, ತೀರಿಹೋದವರ ನೆನಪು ಬರೆದರು. 1999ರಲ್ಲಿ ಯಾಹೂ ಅದನ್ನು ಕೊಂಡಿತು. 2009ರ ಅಕ್ಟೋಬರಿನಲ್ಲಿ ಮುಚ್ಚಿತು. ಕೋಟಿಗಟ್ಟಲೆ ಪುಟ. ಕೆಲವು ಸ್ವಯಂಸೇವಕರು ಹಗಲು ರಾತ್ರಿ ಕೂತು ನಕಲು ಮಾಡಿಕೊಂಡದ್ದರಿಂದ ಒಂದಷ್ಟು ಉಳಿಯಿತು. ನಮ್ಮಲ್ಲಿ ಬಹಳ ಜನ ಇದ್ದ ಆರ್ಕುಟ್ 2014ರ ಸೆಪ್ಟೆಂಬರಿನಲ್ಲಿ ನಿಂತಿತು. ಗೂಗಲ್ ಪ್ಲಸ್ 2019ರಲ್ಲಿ ಜನಸಾಮಾನ್ಯರಿಗೆ ಮುಚ್ಚಿತು. ಕೆಟ್ಟ ಉದ್ದೇಶದಿಂದ ಮುಚ್ಚಿದರು ಎಂದು ನಾನು ಹೇಳುವುದಿಲ್ಲ. ಲಾಭ ಕಾಣದ ಅಂಗಡಿಯನ್ನು ಯಾರಾದರೂ ಮುಚ್ಚುತ್ತಾರೆ. ನಮ್ಮ ಸಾಮಾನು ಆ ಅಂಗಡಿಯೊಳಗೆ ಇತ್ತು, ಅಷ್ಟೇ.

ಇಲ್ಲಿ ಒಂದು ಸೂಕ್ಷ್ಮ ಇದೆ. ಇಂಥ ಕಡೆ ಬರೆದರೆ ಬರಹದ ಹಕ್ಕುಸ್ವಾಮ್ಯ ಸಾಮಾನ್ಯವಾಗಿ ನಮ್ಮದೇ ಆಗಿರುತ್ತದೆ. ಪ್ರಕಟಿಸುವ ಅನುಮತಿಯನ್ನಷ್ಟೇ ಅವರು ಪಡೆಯುತ್ತಾರೆ. ಅವರದಾಗಿ ಉಳಿಯುವುದು ವಿಳಾಸ. ನಿಮ್ಮ ಬರಹವನ್ನು ಒಬ್ಬರು ಗುರುತು ಹಾಕಿಟ್ಟುಕೊಂಡಿರುತ್ತಾರೆ, ಇನ್ನೊಬ್ಬರು ತಮ್ಮ ಲೇಖನದಲ್ಲಿ ಅದರ ಕೊಂಡಿ ಕೊಟ್ಟಿರುತ್ತಾರೆ, ಮತ್ತೊಬ್ಬರು ಮಗನಿಗೆ ಕಳಿಸಿರುತ್ತಾರೆ. ಆ ದಾರಿಗಳೆಲ್ಲ ಬಂದು ಸೇರುವುದು ಆ ವಿಳಾಸಕ್ಕೆ. ವಿಳಾಸ ಅಳಿದ ದಿನ ನಿಮ್ಮ ಪೆಟ್ಟಿಗೆಯಲ್ಲಿ ಪ್ರತಿ ಇದ್ದರೂ ಬರುವ ದಾರಿಗಳೆಲ್ಲ ಮುಚ್ಚುತ್ತವೆ.

ನಾನು ಹೇಳಬೇಕೆಂದಿರುವುದು ಇದೊಂದೇ: ಮನೆ ಬಾಡಿಗೆಯದಾದರೂ ಇರಲಿ, ವಿಳಾಸ ನಮ್ಮ ಹೆಸರಿನಲ್ಲಿರಬೇಕು.

ಅಂತರಜಾಲದಲ್ಲಿ ಇದು ಸಾಧ್ಯ. ಅಲ್ಲಿ ವಿಳಾಸ ಬೇರೆ, ಜಾಗ ಬೇರೆ. ವಿಳಾಸಕ್ಕೆ ಡೊಮೇನ್ ಅನ್ನುತ್ತಾರೆ. ವರ್ಷಕ್ಕೆ ಸಾವಿರ ರೂಪಾಯಿಯ ಆಸುಪಾಸಿನಲ್ಲಿ ನಮ್ಮ ಹೆಸರಿಗೆ ನೋಂದಣಿ ಆಗುತ್ತದೆ. ನಮ್ಮ ದೇಶದ ವಿಳಾಸಗಳ ಕೊನೆಯಲ್ಲಿ ಚುಕ್ಕಿ ಐ ಎನ್ ಎಂದು ಇರುತ್ತದಲ್ಲ, ಅದರ ದಫ್ತರ ಇರುವುದು ನಿಕ್ಸಿ ಎಂಬ ಭಾರತದ ಸಂಸ್ಥೆಯಲ್ಲಿ. ಚುಕ್ಕಿ ಭಾರತ ಎಂದು ಕನ್ನಡ ಅಕ್ಷರಗಳಲ್ಲೇ ಕೊನೆಯಾಗುವ ವಿಳಾಸಗಳೂ ಇವೆ. ಬರಹದ ಕಡತಗಳನ್ನು ಇಡುವ ಜಾಗಕ್ಕೆ ಹೋಸ್ಟಿಂಗ್ ಅನ್ನುತ್ತಾರೆ. ಅದು ಬಾಡಿಗೆ ಮನೆ. ಮಾಲೀಕರು ತೊಂದರೆ ಕೊಟ್ಟರೆ, ಬಾಡಿಗೆ ಏರಿಸಿದರೆ, ಅಂಗಡಿಯನ್ನೇ ಮುಚ್ಚಿದರೆ, ಕಡತಗಳನ್ನು ಹೊತ್ತು ಬೇರೆ ಮನೆಗೆ ಹೋಗಿ, ಈ ವಿಳಾಸ ಇನ್ನು ಮೇಲೆ ಈ ಮನೆಗೆ ಎಂದು ಬದಲಿಸಿದರೆ ಮುಗಿಯಿತು. ಓದುಗರಿಗೆ ನೀವು ಮನೆ ಬದಲಿಸಿದ್ದೇ ತಿಳಿಯುವುದಿಲ್ಲ. ಎಲ್ಲ ಹಳೆಯ ದಾರಿಯೂ ಹೊಸ ಬಾಗಿಲಿಗೇ ಬರುತ್ತದೆ.

ಡೊಮೇನ್ ಕೂಡ ಶಾಶ್ವತವಾಗಿ ನಮ್ಮದಲ್ಲ, ಅದನ್ನೂ ಹೇಳಿಬಿಡಬೇಕು. ವರ್ಷ ವರ್ಷ ನವೀಕರಿಸಬೇಕು. ಕಂದಾಯ ಕಟ್ಟಿದ ಹಾಗೆ. ಮರೆತರೆ, ಸ್ವಲ್ಪ ಕಾಲಾವಕಾಶ ಕಳೆದ ಮೇಲೆ, ಬೇರೆ ಯಾರಾದರೂ ತೆಗೆದುಕೊಳ್ಳಬಹುದು. ಆದರೆ ಕಂದಾಯ ಕಟ್ಟುತ್ತಿರುವವರೆಗೆ ಯಾರದೋ ವ್ಯಾಪಾರ ಕುಸಿಯಿತೆಂದು ನಮ್ಮ ಬಾಗಿಲ ಹೆಸರು ಅಳಿಯುವುದಿಲ್ಲ.

ಇದನ್ನು ಈ ಬಾನುಲಿಯಲ್ಲಿ ಹೇಳುವುದಕ್ಕೆ ನನಗೊಂದು ಧೈರ್ಯವಿದೆ. ಸ್ವಂತ ಮನೆಯಿಂದ ಬಾನುಲಿ ಹುಟ್ಟಿದ ನೆಲ ಇದೇ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರ್ 10ರಂದು, ಯಾದವಗಿರಿಯ ತಮ್ಮ ‘ವಿಠಲ ವಿಹಾರ’ ಮನೆಯಿಂದಲೇ ಬಾನುಲಿ ಪ್ರಸಾರ ಆರಂಭಿಸಿದರು. ಒಂದು ಸಣ್ಣ ಪ್ರೇಷಕ ಯಂತ್ರ, ಸ್ವಂತ ಮನೆಯ ಕೋಣೆ, ಸ್ವಂತ ಹಣ. ಆ ಮನೆಗೂ ಈಗಿನ ಮೈಸೂರು ಆಕಾಶವಾಣಿಗೂ ನಡುವೆ ಕೂಗಳತೆಯ ದೂರ. ಗೋಪಾಲಸ್ವಾಮಿಯವರ ಕೇಂದ್ರದ ಹೆಸರು ಆಕಾಶವಾಣಿ. ಮುಂದೆ ಇಡೀ ದೇಶದ ಬಾನುಲಿಗೆ ಅದೇ ಹೆಸರಾಯಿತು. ಅವರು ಯಾವ ದೊಡ್ಡ ಕಂಪನಿಯ ಕರೆಗೂ ಕಾಯಲಿಲ್ಲ. ಹೇಳಬೇಕಾದದ್ದಿತ್ತು, ಊರಿನಲ್ಲಿ ಹಾಡುವವರೂ ಮಾತಾಡುವವರೂ ಇದ್ದರು, ಮನೆಯಲ್ಲಿ ಒಂದು ಕೋಣೆಯಿತ್ತು.

ಹೊರೆ ಹೆಚ್ಚಿ, 1940ರ ದಶಕದಲ್ಲಿ ಆ ಕೇಂದ್ರ ಮೈಸೂರು ಸಂಸ್ಥಾನದ ಕೈಗೆ ಹೋಯಿತು. 1955ರಲ್ಲಿ ಬೆಂಗಳೂರಿಗೆ ಹೋಯಿತು. ಸ್ವಂತದ್ದು ಮಾಡುವುದು ಸುಲಭವೆಂದು ಆ ಕಥೆ ಹೇಳುವುದಿಲ್ಲ. ಆದರೆ ಇವತ್ತು ನಾನು ‘ಆಕಾಶವಾಣಿ’ ಎಂದು ಉಚ್ಚರಿಸಿದಾಗಲೆಲ್ಲ ಒಬ್ಬ ಮೇಷ್ಟರ ಮನೆಯ ಕೋಣೆ ನೆನಪಾಗುತ್ತದೆ.

ಅವರಿಗಿಂತ ಇಪ್ಪತ್ತು ವರ್ಷ ಮೊದಲು, ನಮ್ಮಲ್ಲಿಂದ ದೂರವಿಲ್ಲದ ನಂಜನಗೂಡಿನಲ್ಲಿ ಲೇಖಕಿ ತಿರುಮಲಾಂಬ ಇದ್ದರು. ಹತ್ತು ವರ್ಷಕ್ಕೆ ಮದುವೆ, ಹದಿನಾಲ್ಕಕ್ಕೆ ವೈಧವ್ಯ. ಮನೆಯಲ್ಲೇ ಓದು ಕಲಿತರು. ಬರೆದದ್ದನ್ನು ಅಚ್ಚು ಹಾಕುವವರು ಯಾರು? ‘ಸತೀ ಹಿತೈಷಿಣೀ’ ಎಂಬ ಗ್ರಂಥಮಾಲೆಯನ್ನು ತಾವೇ ಕಟ್ಟಿದರು. ‘ಸುಶೀಲೆ’ ಕಾದಂಬರಿ ಅದರಲ್ಲೇ ಬಂತು. ಆಮೇಲೆ ‘ಕರ್ನಾಟಕ ನಂದಿನಿ’ ಎಂಬ ಪತ್ರಿಕೆ. ಚಿಕ್ಕ ವಯಸ್ಸಿನ ವಿಧವೆಯೊಬ್ಬಳು ಹೊಸಿಲು ದಾಟಿ ಹೊರಗೆ ಬರುವುದೇ ಕಷ್ಟವಾಗಿದ್ದ ಕಾಲ ಅದು. ಆಕೆ ಸಂಪಾದಕಿಯಾದರು, ಪ್ರಕಾಶಕಿಯಾದರು. ಯಾವ ಬರಹ ಹೋಗಬೇಕು, ಯಾವ ಮಾತು ನಿಲ್ಲಬೇಕು ಎಂದು ನಿರ್ಧರಿಸುವ ಕೈ ಆಕೆಯದೇ ಆಯಿತು. ಕನ್ನಡದ ಹೆಂಗಸಾಗಿ, ನಾಲ್ಕು ಸಾಲು ಬರೆಯುವವಳಾಗಿ, ಅವರನ್ನು ನೆನೆಯದೆ ನಾನು ಈ ವಿಷಯ ಮಾತಾಡಲಾರೆ.

ಪುತ್ತೂರಿನಲ್ಲಿ ಶಿವರಾಮ ಕಾರಂತರು ಸ್ವಂತ ಅಚ್ಚುಕೂಟ ಇಟ್ಟರು. ತಮ್ಮ ಕಾದಂಬರಿಗಳನ್ನು ತಾವೇ ಮುದ್ರಿಸಿದರು, ಮುಖಪುಟ ತಾವೇ ಬರೆದರು, ಕೈಯನ್ನೂ ಸುಟ್ಟುಕೊಂಡರು. ಅವರಿಗೂ ಹಿಂದೆ ಗಳಗನಾಥರು ತಮ್ಮ ಕಾದಂಬರಿಗಳ ಹೊರೆ ಹೊತ್ತು ಊರೂರು ನಡೆದು ಮಾರಿದರು. ಮೈಸೂರಿನಲ್ಲಿ ಬೆಳೆದ ನಾವು ಕುವೆಂಪು ಅವರ ಪುಸ್ತಕ ತೆರೆದಾಗಲೆಲ್ಲ ‘ಉದಯರವಿ ಪ್ರಕಾಶನ’ ಎಂದು ಓದಿದ್ದೇವೆ. ಉದಯರವಿ ಒಂಟಿಕೊಪ್ಪಲಿನ ಅವರ ಮನೆಯ ಹೆಸರು. ಮನೆಯ ಹೆಸರೇ ಪುಸ್ತಕದ ಮೇಲಿನ ಹೆಸರು.

ಅವರಿಗೆಲ್ಲ ಕಾಗದ ಬೇಕಿತ್ತು, ಅಚ್ಚಿನ ಮೊಳೆ ಬೇಕಿತ್ತು, ಯಂತ್ರ ಬೇಕಿತ್ತು, ಮಾರಾಟವಾಗದ ಪ್ರತಿಗಳನ್ನು ಪೇರಿಸಲು ಜಾಗ ಬೇಕಿತ್ತು. ನಮಗೆ ಬೇಕಾದದ್ದು ಎಷ್ಟು ಎಂದು ಒಮ್ಮೆ ಲೆಕ್ಕ ಹಾಕಿದೆ. ಕನ್ನಡದ ಎರಡು ಸಾವಿರ ಪದದ ಒಂದು ಬರಹವನ್ನು ಬರೀ ಅಕ್ಷರವಾಗಿ ಉಳಿಸಿದರೆ ಹೆಚ್ಚುಕಡಿಮೆ 50 ಕಿಲೋಬೈಟು. ಅಂಥ 500 ಬರಹ ಸೇರಿದರೆ 25 ಮೆಗಾಬೈಟು. ನಮ್ಮ ಫೋನಿನಲ್ಲಿ ತೆಗೆಯುವ ಏಳೆಂಟು ಫೋಟೋಗಳ ತೂಕ. ಒಬ್ಬರು ಜೀವಮಾನವೆಲ್ಲ ಬರೆದದ್ದು ಒಂದು ಪ್ರವಾಸದ ಫೋಟೋಗಳಿಗಿಂತ ಹಗುರ. ಅಷ್ಟನ್ನು ಇಡುವುದಕ್ಕೆ ಜಾಗವಿಲ್ಲ, ದುಡ್ಡಿಲ್ಲ ಅನ್ನುವ ಮಾತು ನಿಲ್ಲುವುದಿಲ್ಲ.

ಬರೀ ಅಕ್ಷರವಾಗಿ ಎಂದೆನಲ್ಲ, ಅಲ್ಲಿ ಕನ್ನಡದವರು ವಿಶೇಷವಾಗಿ ಗಮನಿಸಬೇಕಾದದ್ದೊಂದಿದೆ. 1990ರ ದಶಕದಲ್ಲಿ ಕಂಪ್ಯೂಟರಿನಲ್ಲಿ ಕನ್ನಡ ಮೂಡಿಸಲು ನಮ್ಮವರು ಪಟ್ಟ ಪಾಡು ಸಣ್ಣದಲ್ಲ. ಕೆ. ಪಿ. ರಾಯರು ಕೀಲಿಮಣೆಯ ವಿನ್ಯಾಸ ಕೊಟ್ಟರು. ಯು. ಬಿ. ಪವನಜ ಅವರ ‘ವಿಶ್ವ ಕನ್ನಡ’ 1996ರಲ್ಲಿ ಬಂತು, ಕನ್ನಡದ ಮೊದಲ ಜಾಲತಾಣವೆಂದು ಹೆಸರಾಯಿತು. ಶೇಷಾದ್ರಿವಾಸು ಅವರ ‘ಬರಹ’ 1998ರಲ್ಲಿ ಬಂತು. ಆಮೇಲೆ ಕನ್ನಡ ಗಣಕ ಪರಿಷತ್ತಿನ ‘ನುಡಿ’. ಇವರಿಲ್ಲದಿದ್ದರೆ ಇವತ್ತು ನಾವು ಕನ್ನಡದಲ್ಲಿ ಟೈಪು ಮಾಡುತ್ತಿರಲಿಲ್ಲ. ಆದರೆ ಆ ಕಾಲದ ಉಪಾಯ ಹೀಗಿತ್ತು: ಕಂಪ್ಯೂಟರಿಗೆ ಗೊತ್ತಿದ್ದದ್ದು ಇಂಗ್ಲಿಷ್ ಅಕ್ಷರಗಳ ಸ್ಥಾನ ಮಾತ್ರ. ಆ ಸ್ಥಾನಗಳಲ್ಲಿ ಕನ್ನಡದ ತಲೆಕಟ್ಟು, ಕೊಂಬು, ಒತ್ತುಗಳನ್ನು ಕೂರಿಸಿದರು. ಕಣ್ಣಿಗೆ ಕನ್ನಡ, ಕಡತದ ಒಳಗೆ ಇಂಗ್ಲಿಷ್ ಚಿಹ್ನೆ. ಆ ಅಕ್ಷರಶೈಲಿ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಅರ್ಥವಿಲ್ಲದ ಗೆರೆಗಳ ಗುಂಪು.

ಯೂನಿಕೋಡ್ ಎಂಬ ಜಗತ್ತಿನ ಏರ್ಪಾಡಿನಲ್ಲಿ ಕನ್ನಡಕ್ಕೆ ತನ್ನದೇ ಜಾಗವಿದೆ. ‘ಕ’ ಅಕ್ಷರಕ್ಕೆ 3221 ಎಂಬ ಅಂಕಿ, ಜಗತ್ತಿನ ಯಾವ ಯಂತ್ರದಲ್ಲೂ ಅದೇ ಅಂಕಿ. ಅಕ್ಷರಕ್ಕೂ ಒಂದು ಖಾಯಂ ವಿಳಾಸ. ಹಳೆಯ ಕಡತಗಳನ್ನು ಇದಕ್ಕೆ ಬದಲಿಸುವ ತಂತ್ರಾಂಶಗಳು ಪುಕ್ಕಟೆಯಾಗಿ ಸಿಗುತ್ತವೆ. ನಿಮ್ಮ ಮನೆಯಲ್ಲಿ ಅಪ್ಪನೋ ಅತ್ತೆಯೋ 2000ದ ಆಸುಪಾಸಿನಲ್ಲಿ ಟೈಪು ಮಾಡಿಸಿದ ಸಿ.ಡಿ. ಇದ್ದರೆ, ಅದು ಓದಿಸಿಕೊಳ್ಳುವಷ್ಟು ಗಟ್ಟಿಯಿರುವಾಗಲೇ ತೆರೆದು ಬದಲಿಸಿಕೊಳ್ಳಿ. ಸ್ವಂತ ಸೈಟು ಕೊಳ್ಳುವುದಕ್ಕಿಂತ ಮೊದಲು ಮಾಡಬೇಕಾದ ಕೆಲಸ ಇದು.

ನನ್ನ ಸೈಟು ಕಟ್ಟಿಕೊಟ್ಟದ್ದು ಪಕ್ಕದ ಮನೆಯ ಎಂಜಿನಿಯರಿಂಗ್ ಓದುವ ಹುಡುಗಿ. ವರ್ಡ್‌ಪ್ರೆಸ್ ಎಂಬ ತಂತ್ರಾಂಶವಿದೆ. 2003ರಿಂದ ಇದೆ, ಮುಕ್ತ ತಂತ್ರಾಂಶ, ಯಾರು ಬೇಕಾದರೂ ಬಳಸಬಹುದು. ಅದೇ ಹೆಸರಿನ ಜಾಲತಾಣದಲ್ಲಿ ಪುಕ್ಕಟೆ ಪುಟ ತೆರೆಯುವುದು ಒಂದು. ಆ ತಂತ್ರಾಂಶವನ್ನು ತಂದು ನಮ್ಮ ಸ್ವಂತ ಜಾಗದಲ್ಲಿ ಹೂಡಿಕೊಳ್ಳುವುದು ಇನ್ನೊಂದು. ಎರಡನ್ನೂ ಒಂದೇ ಹೆಸರಿನಿಂದ ಕರೆಯುವುದರಿಂದ ಎಷ್ಟೋ ಜನರಿಗೆ ಗೊಂದಲವಾಗುತ್ತದೆ. ಆ ಹುಡುಗಿ ಇನ್ನೂ ಸರಳವಾದ ದಾರಿ ತೋರಿಸಿದಳು. ಬರೀ ಪುಟಗಳು. ಒಂದು ಬರಹ, ಒಂದು ಕಡತ. ಕೆಡುವುದಕ್ಕೆ ಒಳಗೆ ಯಂತ್ರವೇ ಇಲ್ಲ. ಬರಹ ಮೊದಲು ನನ್ನ ಕಂಪ್ಯೂಟರಿನಲ್ಲಿ ಹುಟ್ಟುತ್ತದೆ, ಆಮೇಲೆ ಸೈಟಿಗೆ ಹೋಗುತ್ತದೆ, ತಿಂಗಳಿಗೊಮ್ಮೆ ಒಂದು ಪೆನ್‌ಡ್ರೈವಿಗೆ ಹೋಗುತ್ತದೆ. ಕಲಿಯಲು ನನಗೆ ಮೂರು ಭಾನುವಾರ ಹಿಡಿಯಿತು.

ಓದುಗರು ಬರುತ್ತಾರೆಯೇ? ಎಲ್ಲರೂ ಇರುವುದು ಫೇಸ್‌ಬುಕ್ಕಿನಲ್ಲಿ, ವಾಟ್ಸ್‌ಆ್ಯಪಿನಲ್ಲಿ. ಅದು ನಿಜ. ಅಲ್ಲಿಗೆ ಹೋಗಬೇಡಿ ಎಂದು ನಾನು ಹೇಳುವುದಿಲ್ಲ, ನಾನೂ ಹೋಗುತ್ತೇನೆ. ಅಡುಗೆ ನಮ್ಮ ಒಲೆಯ ಮೇಲಾಗಲಿ, ಹಂಚುವುದು ಎಲ್ಲಿ ಬೇಕಾದರೂ ಹಂಚೋಣ. ಬರೆದದ್ದರ ಕೊಂಡಿಯನ್ನು ನಾಲ್ಕು ಕಡೆ ಹಾಕುತ್ತೇನೆ. ಬಂದವರು ನನ್ನ ಬಾಗಿಲಿಗೆ ಬರುತ್ತಾರೆ. ಮೊದಲು ನೂರಾರು ಜನ ಓದುತ್ತಿದ್ದರು, ಈಗ ಹತ್ತಿಪ್ಪತ್ತು. ಆ ಹತ್ತಿಪ್ಪತ್ತರಲ್ಲಿ ಮೂವರು ನಾಲ್ವರು ಕಾಗದದ ಹಾಗೆ ಉದ್ದಕ್ಕೆ ಬರೆದು ಕಳಿಸುತ್ತಾರೆ. ನಾನು ಬರೆದ ಹಕ್ಕಿಯ ಹೆಸರು ತಪ್ಪಿದ್ದರೆ ತಿದ್ದುತ್ತಾರೆ. ಎಷ್ಟು ಜನ ಮೆಚ್ಚಿದರು ಎಂಬ ಅಂಕಿ ಕಣ್ಣ ಮುಂದಿಲ್ಲದಿರುವುದರಿಂದ ಬರೆಯುವ ರೀತಿಯೂ ಬದಲಾಯಿತು. ಸಾಲು ನಿಧಾನವಾಯಿತು. ಕೆರೆಯ ಬಗ್ಗೆ ಬರೆಯುವಾಗ ಕೆರೆಯೊಂದೇ ಮನಸ್ಸಿನಲ್ಲಿರುತ್ತದೆ.

ಹೊಣೆಯೂ ಬಂತು. 1867ರ ಮುದ್ರಣ ಕಾಯಿದೆಯ ಕಾಲದಿಂದ ನಮ್ಮ ಪುಸ್ತಕಗಳಲ್ಲಿ ಮುದ್ರಕರು ಯಾರು, ಪ್ರಕಾಶಕರು ಯಾರು ಎಂಬ ಸಾಲು ಇರುತ್ತಾ ಬಂದಿದೆ. ಆ ಸಾಲು ಏಕೆ ಎಂದು ನಾನು ಯೋಚಿಸಿದ್ದೇ ಇಲ್ಲ. ಸ್ವಂತ ಸೈಟಿನಲ್ಲಿ ಪ್ರಕಾಶಕಿ ನಾನೇ. ಯಾರದಾದರೂ ಮಾನಕ್ಕೆ ಕುಂದು ಬರುವುದನ್ನು ಬರೆದರೆ ಉತ್ತರ ಕೊಡಬೇಕಾದವಳು ನಾನೇ. ಅದಕ್ಕೇ ಈಗ ಪ್ರತಿ ಬರಹವನ್ನೂ ಒಂದು ರಾತ್ರಿ ಇಟ್ಟು, ಬೆಳಿಗ್ಗೆ ಮತ್ತೆ ಓದಿ ಹಾಕುತ್ತೇನೆ.

ಇನ್ನೊಂದು ಚಿಂತೆಯನ್ನು ನಿಮ್ಮ ಹತ್ತಿರ ಹೇಳಿಕೊಳ್ಳಬೇಕು. ನಮ್ಮ ಕಾನೂನಿನಲ್ಲಿ ಬರಹಗಾರರು ತೀರಿಕೊಂಡ ಮೇಲೂ 60 ವರ್ಷ ಹಕ್ಕುಸ್ವಾಮ್ಯ ಮನೆಯವರಿಗೆ ಇರುತ್ತದೆ. ಆದರೆ ಡೊಮೇನಿನ ಹಣ ಒಂದು ವರ್ಷ ಕಟ್ಟದಿದ್ದರೆ ವಿಳಾಸ ಹೋಗುತ್ತದೆ. ಪಾಸ್‌ವರ್ಡ್ ನನ್ನ ತಲೆಯಲ್ಲಿ ಮಾತ್ರ ಇದ್ದರೆ ಅದು ನನ್ನ ಜೊತೆಯೇ ಹೋಗುತ್ತದೆ. ಅದಕ್ಕೇ ಮನೆಯ ಖಾತೆ, ಕಂದಾಯದ ರಸೀದಿ ಇಟ್ಟಿರುವ ಕವರಿನಲ್ಲಿ ಇನ್ನೊಂದು ಹಾಳೆ ಸೇರಿಸಿದ್ದೇನೆ. ಡೊಮೇನ್ ಎಲ್ಲಿ ನೋಂದಾಯಿಸಿದೆ, ಯಾವ ತಿಂಗಳು ನವೀಕರಿಸಬೇಕು, ಕಡತಗಳು ಎಲ್ಲಿವೆ. ಮಗಳನ್ನು ಕೂರಿಸಿ ಓದಿಸಿದೆ. ಮುಂದಿನ ಹತ್ತು ವರ್ಷಕ್ಕೆ ಒಟ್ಟಿಗೇ ಕಟ್ಟಿಬಿಡೋಣ ಅಂದಳು. ಕಟ್ಟಿದೆವು.

‘ಹೊಲಗಳ ಹೆಸರು’ ಎಂಬ ಬರಹದ ಮಾತು ಬಾಕಿ ಇದೆ. ಕೆರೆಯ ಏರಿಯ ಮೇಲೆ ನನಗೆ ದಿನಾ ಸಿಗುತ್ತಿದ್ದ ಒಬ್ಬ ರೈತರಿದ್ದರು. ಬಡಾವಣೆ ಬರುವ ಮೊದಲು ಈ ಸುತ್ತಿನಲ್ಲಿದ್ದ ಒಂದೊಂದು ಹೊಲಕ್ಕೂ ಒಂದೊಂದು ಹೆಸರಿತ್ತು ಎಂದು ಹೇಳಿದರು. ಒಂದು ಬೆಳಿಗ್ಗೆ ನನ್ನನ್ನು ರಸ್ತೆ ರಸ್ತೆಯಲ್ಲಿ ನಡೆಸಿಕೊಂಡು ಹೋಗಿ, ಯಾವ ಮನೆ ಯಾವ ಹೊಲದ ಮೇಲಿದೆ ಎಂದು ತೋರಿಸಿದರು. ಇಪ್ಪತ್ತೆರಡು ಹೆಸರು ಹೇಳಿದರು. ಅವತ್ತೇ ಬಂದು ಬರೆದು ಹಾಕಿದೆ. ಚೀಟಿಯಲ್ಲಿ ಗೀಚಿಕೊಂಡದ್ದನ್ನು, ಇನ್ನು ಜಾಲದಲ್ಲಿದೆಯಲ್ಲ ಎಂದು, ಎಸೆದೆ. ಜೆರಾಕ್ಸಿನ ಕಟ್ಟಿನಲ್ಲಿ ಆ ಬರಹ ಇರಲಿಲ್ಲ. ಅಮೆರಿಕದ ಗ್ರಂಥಾಲಯದಲ್ಲೂ ಇರಲಿಲ್ಲ. ಮತ್ತೆ ಕೇಳೋಣವೆಂದರೆ ಅವರು ತೀರಿಕೊಂಡು ಆಗಲೇ ಎರಡು ವರ್ಷವಾಗಿತ್ತು. ಅವರ ಮಕ್ಕಳಿಗೆ ಗೊತ್ತಿರಲಿಲ್ಲ.

ಈಗ ನನ್ನ ಸೈಟಿನಲ್ಲಿ ಆ ಶೀರ್ಷಿಕೆಯ ಒಂದು ಪುಟ ಇದೆ. ಹುಣಸೆಮರದ ಹೊಲ, ಹಳ್ಳದ ಹೊಲ, ಅಜ್ಜಿ ಹೊಲ ಎಂದು ನೆನಪಿಗೆ ಬಂದ ಒಂಬತ್ತು ಹೆಸರನ್ನು ಬರೆದಿದ್ದೇನೆ. ಅದರ ಕೆಳಗೆ ಹತ್ತರಿಂದ ಇಪ್ಪತ್ತೆರಡರವರೆಗೆ ಅಂಕಿ ಹಾಕಿ, ಎದುರಿಗೆ ಖಾಲಿ ಬಿಟ್ಟಿದ್ದೇನೆ. ಶ್ರೀರಾಂಪುರದ ಹಳೆಯ ಮನೆತನದವರು ಯಾರಾದರೂ ಈ ಮಾತು ಕೇಳುತ್ತಿದ್ದರೆ, ನಿಮ್ಮ ತಾತನ ಹೊಲಕ್ಕೆ ಏನೆನ್ನುತ್ತಿದ್ದರು ಎಂದು ಮನೆಯ ಹಿರಿಯರನ್ನು ಇವತ್ತು ಸಂಜೆ ಒಂದು ಸಲ ಕೇಳಿ ನೋಡಿ.